ಎಡದಂಡೆಯ ಮೆಟ್ರೊ

ಶಹಾಪುರದ ನಮ್ಮ ಅಡುಗೆಮನೆಯ ಅಲಮಾರಿಯಲ್ಲಿ, ರೊಟ್ಟಿಗೆ ನೆಂಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿಯ ಕೆಳಗೆ, ಹೈದರಾಬಾದಿನ ಮೆಟ್ರೊ ನಕ್ಷೆಯೊಂದು ಹಾಸಿದೆ. ಡಬ್ಬಿಯ ಎಣ್ಣೆ ಇಳಿದು ನೀಲಿ ಗೆರೆಯ ಮೇಲಿನ ಒಂದೆರಡು ಸ್ಟೇಷನ್ನುಗಳು ಕಾಣದಂತಾಗಿವೆ. ಬೇರೆ ಕಾಗದ ಹಾಸಬಾರದೇ ಎಂದು ನೀವು ಕೇಳಬಹುದು. ಹಾಸಬಹುದು, ಆದರೆ ಆ ಕಲೆಯ ಅಡಿಯಲ್ಲೇ ನಾನೊಮ್ಮೆ ನನ್ನ ಚಿಗವ್ವನನ್ನು ಕಳೆದುಕೊಂಡಿದ್ದೆ, ಅಲ್ಲೇ ಅವಳು ಸಿಕ್ಕಳು ಕೂಡ.

ನೆಲದಡಿಯ ರೈಲು ಮೊದಲು ಓಡಿದ ಲಂಡನ್ನಿನಲ್ಲಿ ಹಳೆಯ ನಕ್ಷೆಗಳು ಬಲು ಪ್ರಾಮಾಣಿಕವಾಗಿದ್ದವಂತೆ: ಹಳಿ ಬಾಗಿದಲ್ಲಿ ಗೆರೆಯೂ ಬಾಗುತ್ತಿತ್ತು, ನೋಡಿದವರ ತಲೆಯೂ ಸುತ್ತುತ್ತಿತ್ತು. ಆಮೇಲೆ ಯಾರೋ ಪುಣ್ಯಾತ್ಮ ವಕ್ರವನ್ನೆಲ್ಲ ನೇರ ಮಾಡಿ, ದೂರದ ಗೊಡವೆ ಬಿಟ್ಟು, ಯಾವುದಾದ ಮೇಲೆ ಯಾವ ಸ್ಟೇಷನ್ನು ಎಂಬುದನ್ನಷ್ಟೇ ಬಣ್ಣದ ಗೆರೆಗಳಲ್ಲಿ ಉಳಿಸಿದ. ಮುಂದೆ ಎಷ್ಟೋ ಶಹರಗಳು ಅದೇ ಜಾಡು ಹಿಡಿದವು. ನನಗೇನೂ ಅದು ಹೊಸದೆನಿಸಲಿಲ್ಲ. ಕೃಷ್ಣೆಯ ನೀರು ಕಾಲುವೆಯಾಗಿ ನಮ್ಮ ಕಡೆ ಬಂದ ಹೊಸತರಲ್ಲಿ ನೀರಾವರಿ ಕಚೇರಿಯ ಗೋಡೆಯ ಮೇಲೆ ಇಂಥದೇ ಚಿತ್ರವಿತ್ತು. ಸುರಪುರದ ಗುಡ್ಡಗಳನ್ನು ಬಳಸಿ ಬರುವ ಕಾಲುವೆ ಅಲ್ಲಿ ಸೆಟೆದು ನಿಂತ ನೀಲಿ ಗೆರೆ, ಅದರ ಎರಡೂ ಬದಿಗೆ ತೂಬುಗಳು. ಆ ನೀರು ನಮಗೆ ಬೆಳೆಯೊಂದಿಗೆ ಒಂದು ಮಾತನ್ನೂ ಕೊಟ್ಟಿತು. ಹೊಲ ಎಲ್ಲಿ ಎಂದರೆ ಎಡದಂಡೆಗೆ, ಇಲ್ಲವೇ ಬಲದಂಡೆಗೆ. ನೀರು ಹರಿಯುವ ಕಡೆ ಮುಖ ಮಾಡಿ ಹೇಳುವ ಎಡ, ಬಲ.

ಚಿಗವ್ವ ಅವ್ವನ ತಂಗಿ, ಅದೇ ಕಾಲುವೆಯ ಬದಿಯ ಕೆಂಭಾವಿಯವಳು, ಅವ್ವ ಹೋದ ಮೇಲೆ ನನಗೆ ಉಳಿದ ದಿಕ್ಕು. ಕಣ್ಣು ತೋರಿಸಲೆಂದು ಅವಳನ್ನು ಹೈದರಾಬಾದಿಗೆ ಕರೆದೊಯ್ದಿದ್ದೆ. ಆಸ್ಪತ್ರೆಯಲ್ಲಿ ಔಷಧಿ ಹಾಕಿದ ಮೇಲೆ ಅವಳಿಗೆ ಮೆಟ್ರೊದ ಬಾಣದ ಗುರುತುಗಳೂ ಬಣ್ಣದ ಫಲಕಗಳೂ ಬರೀ ಮಂಜು. ಗದ್ದಲದಲ್ಲಿ ಅವಳು ರೈಲಿನೊಳಗೆ ಹೋದಳು, ನಾನು ಹೊರಗೇ ಉಳಿದೆ. ಬಾಗಿಲು ಮುಚ್ಚಿಕೊಳ್ಳುವಾಗ ಕೂಗಿದೆ: "ಮುಂದಿನ ಸ್ಟೇಷನ್ನಿನಾಗ ಇಳಿ ಚಿಗವ್ವಾ! ಕೆಳಗ ಎಡಗಡಿ ಬಾಗಲದಾಗ ನಿಂದ್ರು!"

ಅದರ ಹಿಂದೆಯೇ ಬಂದ ರೈಲು ಹಿಡಿದು ನಾನೂ ಆ ಸ್ಟೇಷನ್ನಿನಲ್ಲಿ ಇಳಿದೆ. ಮೆಟ್ಟಿಲಿಳಿದರೆ ಹಳಿಗೆ ಅಡ್ಡಲಾಗಿ ಉದ್ದನೆಯ ಹಜಾರ, ಎರಡು ತುದಿಗೆ ಎರಡು ಬಾಗಿಲು. ಎಡಗಡೆಯ ಬಾಗಿಲಿಗೆ ಓಡಿದೆ. ಚಿಗವ್ವ ಇರಲಿಲ್ಲ. ಅವಳ ಫೋನು ನನ್ನ ಚೀಲದಲ್ಲಿತ್ತು. ದಿಕ್ಕು ತೋರಿಸುವ ಫಲಕಗಳು ತಲೆಯ ಮೇಲೆ ಸಾಲಾಗಿ ತೂಗುತ್ತಿದ್ದವು, ನನ್ನ ದಿಕ್ಕೇ ಕಾಣೆಯಾಗಿತ್ತು.

ಇಳಿದು ಬಂದ ಮೆಟ್ಟಿಲನ್ನು ಗಾಬರಿಯಲ್ಲಿ ತಿರುಗಿ ನೋಡಿದಾಗ ಹೊಳೆಯಿತು: ಮೆಟ್ಟಿಲು ನಡುವೆ ಹಿಂದಕ್ಕೆ ಹೊಳ್ಳಿತ್ತು, ಅದರೊಂದಿಗೆ ನಾನೂ ಹೊಳ್ಳಿ ರೈಲು ಬಂದ ಕಡೆ ಮುಖ ಮಾಡಿದ್ದೆ. ಚಿಗವ್ವನ ಎಡ ಹೊಳ್ಳುವಂಥದಲ್ಲ, ಅದು ಕಾಲುವೆಯ ಎಡ. ಸರಿ, ರೈಲು ಹರಿದು ಹೋದ ಕಡೆ ಮುಖ ಮಾಡಿ ನಿಂತೆ. ಎಡವೆಂದರೆ ಆಚೆಯ ಬಾಗಿಲು! ಅಲ್ಲಿ ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

"ಎಲ್ಲಿ ಹೋಗಿದ್ದಿ ಚಿಗವ್ವಾ?"

"ನಾ ಎಲ್ಲಿ ಹೋಗ್ಲಿ? ಎಡಕ್ಕ ಅಂದಿ, ಎಡಕ್ಕ ಕುಂತೀನಿ. ನೀನೇ ಬಲಕ್ಕ ಹೋಗಿ ಹುಡುಕಾಕತ್ತಿದಿ. ನೀ ಹೊಳ್ಳಿ ನಿಂತ್ರ ಎಡದಂಡಿ ಹೊಳ್ಳತದೇನು?"

ಬೈದಳೇ ಹೊರತು ನನ್ನ ಮುಂಗೈ ಹಿಡಿದವಳು ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ, "ಜೀವ ಹಾರಿತ್ತು ನೋಡಪಾ" ಎಂದಳು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅವಳ ಪಕ್ಕದಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಅಷ್ಟು ಹಾಯೆನಿಸಿದ ನೆಲ ಇನ್ನೊಂದಿಲ್ಲ.

ಮೊನ್ನೆ ಚಿಗವ್ವ ಬಂದಿದ್ದಳು. ಅವಳ ಕಣ್ಣೀಗ ನಿಚ್ಚಳ. ರೊಟ್ಟಿಗೆ ಹಿಂಡಿ ಬೇಕೆಂದು ಅಲಮಾರಿಯ ಮುಂದೆ ನಿಂತಳು. ನಾನು ಪಡಸಾಲೆಯಿಂದಲೇ, "ಎಡಕ್ಕದ ನೋಡು" ಎಂದೆ. ಅವಳು ಕೈ ಚಾಚಲಿಲ್ಲ. ನನ್ನ ಕಡೆ ತಿರುಗಿದಳು.

"ಯಾರ ಎಡಕ್ಕ?"

"ನಿನ್ನ ಎಡಕ್ಕ, ಚಿಗವ್ವ."

"ಹಂಗ ಹೇಳು ಮತ್ತ" ಎಂದು ಡಬ್ಬಿ ಎತ್ತಿದಳು.