ಹನ್ನೊಂದು ಹಡಗುಗಳ ನೀರು

ತ್ರಿಕೋನವನ್ನು ಪೆನ್ಸಿಲಿನಲ್ಲೇ ಎಳೆಯಬೇಕು. ಸಾಲಿನ ಎಡಕ್ಕೆ, ಅಂಚಿನ ಕೆಂಪು ಗೆರೆಗೆ ತಾಗದಂತೆ. ಮೂರೂ ಬದಿ ಸಮನಾಗಿರಬೇಕು, ಅಕ್ಕಿಕಾಳಿಗಿಂತ ದೊಡ್ಡದಾಗಬಾರದು. ಅದರ ಅರ್ಥ ಇಷ್ಟೇ: ಈ ಸಾಲನ್ನು ಒಪ್ಪದ ಇನ್ನೊಂದು ಸಾಲು ಬೇರೆಲ್ಲೋ ಇದೆ.

ಈ ಗುರುತು ನನ್ನ ಗೆಳತಿಯದು. ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನಲ್ಲಿ ಅವರ ಮನೆ ಎರಡನೇ ಮಹಡಿಯಲ್ಲಿ, ನಮ್ಮದು ಮೂರನೆಯದರಲ್ಲಿ. ನಾವು ಮೈಸೂರಿನವರು, ಅವರು ಹುಬ್ಬಳ್ಳಿ ಕಡೆಯ ಮುಸ್ಲಿಮರು. ಅಲ್ಲಿ ಕನ್ನಡ ಆಡುವ ಮನೆಗಳು ಎರಡೇ ಆದ್ದರಿಂದ, ಅವಳ ಅಮ್ಮಿಯೂ ನನ್ನ ಅಮ್ಮನೂ ಮೆಟ್ಟಿಲ ಮೇಲೆ ಎದುರಾಗಿ ಮಾತಿಗೆ ನಿಂತರೆ ಒಂದು ಮನೆಯಲ್ಲಾದರೂ ಹಾಲು ಉಕ್ಕುತ್ತಿತ್ತು.

ಅವಳ ಅಣ್ಣ ಹಡಗಿನಲ್ಲಿ ಇಂಜಿನಿಯರ್. ಯಾವುದೋ ವಿದೇಶಿ ಬಂದರಿನಿಂದ ಅವನೊಂದು ಆಟದ ಪುಸ್ತಕ ತಂದ. ಪಗಡೆಯಂಥ ಹಾಸಿಲ್ಲ, ಕಾಯಿಗಳಿಲ್ಲ, ಪುಸ್ತಕ ಮತ್ತು ಎರಡು ದಾಳ. ಸಾವಿರಾರು ವರ್ಷ ಮುಂದಿನ ಕಾಲ, ನಕ್ಷತ್ರದಿಂದ ನಕ್ಷತ್ರಕ್ಕೆ ಓಡಾಡುವ ಹಡಗುಗಳು. ಒಬ್ಬರು ಕಥೆ ನಡೆಸಬೇಕು. ಉಳಿದವರು ಅದರೊಳಗಿನ ಪಾತ್ರಗಳಾಗಿ ತಾವೇನು ಮಾಡುತ್ತೇವೆಂದು ಹೇಳಬೇಕು. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ, ಕಾಲೇಜಿನ ಇನ್ನಿಬ್ಬರು ಹುಡುಗಿಯರೂ ಸೇರಿ, ನಾವು ನಾಲ್ವರು ಕೂರುತ್ತಿದ್ದೆವು. ಕಥೆ ನಡೆಸುವವಳು ಅವಳು. ಬೇರೆಯವಳಂತೆ ಮಾತಾಡುವುದು ನನಗೆ ಎಂದೂ ಒಗ್ಗಲಿಲ್ಲ. ನಾನು ಆಗ ಇತಿಹಾಸದ ಎಂ.ಎ. ಓದುತ್ತಿದ್ದುದರಿಂದ ಆ ಲೋಕದ ಇತಿಹಾಸ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂತು: ಯಾವ ಗ್ರಹದಲ್ಲಿ ಯಾವ ವರ್ಷ ಏನಾಯಿತು, ಎಲ್ಲ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ.

ಅಣ್ಣ ಎರಡನೇ ಪುಸ್ತಕ ತಂದಾಗ ಜಗಳ ಶುರುವಾಯಿತು. ಒಂದು ಚಂದ್ರನ ಮೇಲೆ ನೆಲೆಸಿದ್ದ ಜನರನ್ನು ಅಕ್ಕಪಕ್ಕದ ನೆಲೆಗಳವರು ಹೊರದೂಡಿದರು, ಅವರು ಹನ್ನೊಂದು ಹಡಗು ಹತ್ತಿ ಹೋದರು ಎಂದು ಮೊದಲ ಪುಸ್ತಕದಲ್ಲಿತ್ತು. ನೀರು ಬತ್ತಿದ್ದರಿಂದ ಅವರೇ ಸ್ವಂತ ಇಚ್ಛೆಯಿಂದ ಹೊರಟರು ಎಂದು ಎರಡನೆಯದರಲ್ಲಿ.

ನಾನು ನಿಯಮ ಮಾಡಿದೆ: ಎರಡು ಪುಸ್ತಕ ಹೊಂದದಿದ್ದರೆ ನಂತರದ್ದೇ ಸರಿ. ತಿದ್ದುವುದಕ್ಕೆ ತಾನೇ ಮತ್ತೆ ಬರೆಯುವುದು.

ಅವಳು ಮೊದಲ ಪುಸ್ತಕದ ಕೊನೆಯ ಪಟ್ಟಿಯ ಮೇಲೆ ಬೆರಳಿಟ್ಟಳು. "ಇಲ್ನೋಡು. ಹನ್ನೊಂದು ಹಡಗಿನ ಸಾಮಾನು ಬರದಾರ. ಎಲ್ಲಾದ್ರಾಗೂ ಟ್ಯಾಂಕ್ ತುಂಬ ನೀರು. ನೀರಿಲ್ಲಂತ ಹೋಗೋರು ನೀರು ಹೊತ್ಕೊಂಡು ಹೋಗ್ತಾರೇನು?"

"ಅಚ್ಚಿನ ತಪ್ಪಿರಬಹುದು ಕಣೇ."

"ಹನ್ನೊಂದ್ ಸಲ? ಪಾಪ, ಅಚ್ಚು ಹಾಕಾವಂಗ ಭಾಳ ನೀರಡಿಕಿ ಆಗಿತ್ತೇನೋ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಬಿಡಲಿಲ್ಲ. "ಪಟ್ಟಿ ಹಳೇದು. ಹೊಸ ಪುಸ್ತಕದಲ್ಲಿ ಸ್ಪಷ್ಟವಾಗಿದೆ."

"ನಿನಗ ಸ್ಪಷ್ಟ ಇದ್ರ ಸಾಕು ಪ್ರೊಫೆಸರ್ ಬಾಯಿ, ಖರೇ ಇರೋದು ಬ್ಯಾಡ!"

ಮೂರು ಭಾನುವಾರ ವಾದ ಮಾಡಿದೆವು. ಕೊನೆಗೆ ನಾನು ನಂತರದ ಪುಸ್ತಕದ ಮಾತನ್ನೇ ಶಾಯಿಯಲ್ಲಿ ಬರೆದೆ. ಅವಳು ನನ್ನ ಕೈಯ ಪೆನ್ಸಿಲ್ ತೆಗೆದುಕೊಂಡು ಆ ಸಾಲಿನ ಪಕ್ಕ ತ್ರಿಕೋನ ಎಳೆದಳು. "ನಿನ್ನ ಸಾಲು ನಾ ಅಳಸಂಗಿಲ್ಲ. ಆದ್ರ ಇದೂ ಇರ್ಲಿ." ಆಮೇಲೆ ಎಲ್ಲೆಲ್ಲಿ ಪುಸ್ತಕಗಳು ಹೊಂದಲಿಲ್ಲವೋ ಅಲ್ಲೆಲ್ಲ ತ್ರಿಕೋನ ಬಂತು.

ಆ ಡಿಸೆಂಬರಿನಲ್ಲಿ ಹಿಂದೂ-ಮುಸ್ಲಿಂ ಗಲಭೆಯಲ್ಲಿ ನಗರ ಹೊತ್ತಿ ಉರಿಯಿತು, ಜನವರಿಯಲ್ಲಿ ಮತ್ತೊಮ್ಮೆ. ಆಟ ನಿಂತಿತ್ತು. ಬಿಲ್ಡಿಂಗಿನ ಕೆಳಗಿನ ಹೆಸರುಗಳ ಬೋರ್ಡಿನಿಂದ ಅವರ ಮನೆಯ ಹೆಸರನ್ನು ಯಾರೋ ಕೆರೆದು ತೆಗೆದಿದ್ದರು. ಅವರನ್ನು ಕಾಪಾಡುವುದಕ್ಕೋ ಇನ್ನೇತಕ್ಕೋ, ನಾನು ಯಾರನ್ನೂ ಕೇಳಲಿಲ್ಲ. ಅಪ್ಪ ಬಿಲ್ಡಿಂಗಿನ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ. ಒಂದು ಸಂಜೆ ಕಮಿಟಿಯ ಇನ್ನಿಬ್ಬರ ಜೊತೆ ಎರಡನೇ ಮಹಡಿಗೆ ಇಳಿದು ಹೋದರು, ಅರ್ಧ ಗಂಟೆಯಲ್ಲಿ ಹಿಂದಿರುಗಿದರು. ಮರುದಿನ ನಾನು ಹಾಲು ತರಲು ಇಳಿದಾಗ ಅವರ ಬಾಗಿಲಿಗೆ ಬೀಗವಿತ್ತು. ಬೀಗದ ಕೈ ಅಪ್ಪನ ಬಳಿ ಇತ್ತು.

ಐದು ದಿನದ ಮೇಲೆ ವಾಸನೆ ಬರುತ್ತಿದೆ ಎಂದು ಎದುರು ಮನೆಯವರು ಹೇಳಿದರು. ಅಪ್ಪನೂ ನಾನೂ ಬಾಗಿಲು ತೆರೆದೆವು. ಅಡುಗೆಕಟ್ಟೆಯ ಮೇಲೆ, ಸ್ಟೀಲ್ ಪಾತ್ರೆಯಲ್ಲಿ, ನೆನೆಹಾಕಿದ ಕಡಲೆ. ನೀರು ನೊರೆಗಟ್ಟಿತ್ತು, ಕೆಲವು ಕಾಳು ಮೊಳಕೆ ಒಡೆದು ಅಲ್ಲೇ ಕೊಳೆತಿದ್ದವು. ಒಂದು ಮನೆಯವರೆಲ್ಲರಿಗೂ ಸಾಲುವಷ್ಟು ಕಡಲೆ. ನಾನು ಅದನ್ನು ಚೆಲ್ಲಿ ಪಾತ್ರೆ ತೊಳೆದೆ. ಅಪ್ಪ ಅಡುಗೆಮನೆಯೊಳಗೆ ಬರಲಿಲ್ಲ, ಹಾಲ್‌ನಲ್ಲೇ ನಿಂತಿದ್ದರು.

"ಅವತ್ತು ನೀವು ಏನು ಹೇಳಿದ್ರಿ ಅಪ್ಪ?"

"ಹೋಗಿ ಅಂತ ಯಾರೂ ಅನ್ನಲಿಲ್ಲಮ್ಮ. ಸ್ವಲ್ಪ ದಿನ ಬೇರೆ ಕಡೆ ಇದ್ದರೆ ನಿಮಗೂ ಕ್ಷೇಮ, ಬಿಲ್ಡಿಂಗಿಗೂ ಕ್ಷೇಮ ಅಂದ್ವಿ, ಅಷ್ಟೇ."

"ಅವರೇನಂದ್ರು?"

ಅಪ್ಪ ಬೀಗದ ಕೈಯನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಬದಲಿಸಿದರು. "ಚಹಾ ಕೊಟ್ಟರು," ಎಂದರು.

ಅವರು ಹುಬ್ಬಳ್ಳಿಯ ಸಂಬಂಧಿಕರ ಮನೆಯಲ್ಲಿದ್ದಾರೆಂದು ತಿಳಿಯಿತು. ಫ್ಲ್ಯಾಟ್ ಮಾರುತ್ತೇವೆ ಎಂದು ಅವಳ ತಂದೆ ಸೊಸೈಟಿಗೆ ಎರಡು ಸಾಲು ಬರೆದರು. ಅವಳಿಂದ ಏನೂ ಬರಲಿಲ್ಲ. ನಾನು ಅವಳಿಗೆ ಪತ್ರ ಬರೆಯಲು ಕೂತು, ಮೇಲೆ ದಿನಾಂಕ ಹಾಕಿ, ಅಲ್ಲಿಗೇ ನಿಲ್ಲಿಸಿದೆ. ಹೀಗೆ ಎರಡು ಸಲ.

ಆ ತಿಂಗಳ ಕಮಿಟಿ ಮೀಟಿಂಗ್ ಮುಗಿಸಿ ಅಪ್ಪ ಎಂದಿನಂತೆ ನಡಾವಳಿಯ ಪುಸ್ತಕವನ್ನು ಮನೆಗೆ ತಂದರು. ಅವರು ಕರಡು ಬರೆಯುತ್ತಿದ್ದರು. ನನ್ನ ಅಕ್ಷರ ಚೆನ್ನಾಗಿದೆಯೆಂದು ಪುಸ್ತಕಕ್ಕೆ ಇಳಿಸುವವಳು ನಾನು. ಇಂಗ್ಲಿಷಿನ ಆ ಕರಡಿನಲ್ಲಿ, ಎರಡನೇ ಮಹಡಿಯ ಕುಟುಂಬ ಸ್ವಂತ ಇಚ್ಛೆಯಿಂದ ಮನೆ ತೆರವು ಮಾಡಿದೆ ಎಂದಿತ್ತು. ಸ್ವಂತ ಇಚ್ಛೆಗೆ ಇಂಗ್ಲಿಷಿನಲ್ಲಿ ನಾಲ್ಕು ಪದ.

"ಈ ಸಾಲು ಸರಿಯಿಲ್ಲ ಅಪ್ಪ."

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಮತ್ತೇನು ಬರೀತೀಯಮ್ಮ? ಕೆಳಗೆ ಸಹಿ ಹಾಕಬೇಕಾದವನು ನಾನು."

ಕೋಪದಲ್ಲಿ ಹೇಳಿದ್ದರೆ ಬಹುಶಃ ನಾನು ಬರೆಯುತ್ತಿರಲಿಲ್ಲ. ಅವರು ನನ್ನನ್ನು ಬೇಡಿಕೊಳ್ಳುತ್ತಿದ್ದರು. ನಾನು ಬರೆದೆ. ಅಕ್ಷರ ಎಂದಿನಂತೆ ದುಂಡಗೆ ಬಂತು. ಬರೆಯುತ್ತಿರುವಾಗಲೇ ಹೊಳೆಯಿತು: ಇದಕ್ಕೆ ಮೊದಲ ಪುಸ್ತಕವೆಂಬುದಿಲ್ಲ, ಸಾಮಾನಿನ ಪಟ್ಟಿಯೂ ಇಲ್ಲ. ಕಡಲೆಯ ಪಾತ್ರೆಯನ್ನು ನಾನೇ ತೊಳೆದಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಪೆನ್ಸಿಲ್ ಚೂಪು ಮಾಡಿಕೊಂಡು ಆ ಪುಟ ತೆರೆದೆ. ಸಾಲಿನ ಎಡಕ್ಕೆ, ಅಂಚಿನ ಕೆಂಪು ಗೆರೆಗೆ ತಾಗದಂತೆ, ತ್ರಿಕೋನ ಎಳೆದೆ. ಒಂದು ಬದಿ ಉದ್ದವಾಯಿತು. ಅಳಿಸಿ ಎಳೆಯಲಿಲ್ಲ. ಪುಸ್ತಕವನ್ನು ಅಪ್ಪನ ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕ ಇಟ್ಟು, ಎರಡನೇ ಮಹಡಿ ದಾಟಿ, ಲೋಕಲ್ ರೈಲು ಹಿಡಿಯಲು ಸ್ಟೇಷನ್ನಿಗೆ ನಡೆದೆ.