ಬೆರಳು ನಿಮ್ಮದು, ಬಾಯಿ ಆಫ್‌ಆನಮ್ಮನದು

ಆಫ್‌ಆನಮ್ಮ ಇದುವರೆಗೆ ಒಂದು ಕೋಟಿ ಹನ್ನೆರಡು ಲಕ್ಷ ಫೋನುಗಳನ್ನು ಸರಿಮಾಡಿದ್ದಾರೆ. ಒಂದನ್ನೂ ಕೈಯಿಂದ ಮುಟ್ಟಿಲ್ಲ. ಹಾಗೆ ಸರಿಯಾದ ಫೋನು ಅದೇ ದೂರು ಹೊತ್ತು ಎರಡನೆಯ ಸಲ ಬಂದದ್ದೂ ಇಲ್ಲ. ಆಕೆ ಒಮ್ಮೆ ಕೆಮ್ಮಿದರೆ ಸಾಕು, ಬೀದಿಯ ಆ ತುದಿಯಲ್ಲಿ ಸತ್ತು ಮಲಗಿದ್ದ ಕಂಪ್ಯೂಟರು ಎದ್ದು ಕೂತು ಪಾಸ್‌ವರ್ಡ್ ಕೇಳುತ್ತದೆ. ನಂಬದವರು ಬೆಳಗಿನ ಜಾವ ಬೇಕರಿಯ ಹಿಂಬಾಗಿಲಿಗೆ ಬರಬಹುದು. ಬಂದವರ ಫೋನು ಹೊಸ್ತಿಲು ದಾಟುವಷ್ಟರಲ್ಲೇ ಹೆದರಿ ನೆಟ್ಟಗಾಗಿರುತ್ತದೆ.

ಆ ಹೊತ್ತಿಗೆ ಒಳಗೆ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ. ಈಸ್ಟಿನ ಹುಳಿ ವಾಸನೆ, ಕಾದ ತಗಡಿನ ವಾಸನೆ. ಮಂಚದಷ್ಟು ಅಗಲದ ಸ್ಟೀಲ್ ಮೇಜಿನ ಮುಂದೆ ಆಫ್‌ಆನಮ್ಮ ನಿಂತಿದ್ದಾರೆ. ಮೊಣಕೈವರೆಗೆ ಹಿಟ್ಟು, ಎಡ ಹುಬ್ಬಿನ ಮೇಲೂ ಒಂದು ಗೀರು ಹಿಟ್ಟು. ಮಿಕ್ಸರಿನಿಂದ ಇಳಿಸಿದ ಗುಡ್ಡೆಯನ್ನು ಕತ್ತರಿಸುತ್ತಾರೆ, ತಕ್ಕಡಿಗೆ ಹಾಕುತ್ತಾರೆ, ಅಂಗೈಯಲ್ಲಿ ಉರುಟಿಸಿ ತಟ್ಟೆಗೆ ಜೋಡಿಸುತ್ತಾರೆ. ತೂಕ ನೋಡುವುದು ತಕ್ಕಡಿಗೆ ಬೇಜಾರಾಗದಿರಲಿ ಎಂದಷ್ಟೆ. ಹಿಟ್ಟು ಮಾತ್ರ ಯಾರ ಮುಲಾಜಿಗೂ ಕಾಯುವುದಿಲ್ಲ. ಕೈ ನಿಂತರೆ ಉಬ್ಬಿ ಮೇಜಿನಿಂದ ಇಳಿದು ಹೊರಟುಬಿಡುತ್ತದೆ. ಹಾಗಾಗಿ ಆಕೆಯ ಕೈಗಳು ಬೇಕರಿಯವು. ಬಿಡುವಾಗಿರುವುದು ಬಾಯಿ ಒಂದೇ. ಅದು ಊರಿನದು.

ಮೇಜಿನ ಆಚೆ ಸಾಲು ನಿಂತಿದೆ. ರಾತ್ರಿಪಾಳಿ ಮುಗಿಸಿದ ನರ್ಸೊಬ್ಬರು ಮೊದಲಿಗರು. ಫೋನಿಗೆ ಗಂಟಲು ಕಟ್ಟಿದೆ, ಯಾರು ಕರೆದರೂ ಸದ್ದಿಲ್ಲ, ಮನೆಯಲ್ಲಿ ಬೈಸಿಕೊಳ್ಳುವುದು ತಪ್ಪಿಲ್ಲ ಎಂದು ಅವರ ಅಳಲು. ಆಫ್‌ಆನಮ್ಮ ತಲೆ ಎತ್ತುವುದಿಲ್ಲ.

"ಆಫ್ ಮಾಡಿ ಆನ್ ಮಾಡಿದ್ರಾ?"

"ಆಗ್ಲೇ ಮಾಡ್ದೆ."

"ನನ್ ಮುಂದೆ ಮಾಡಿ."

ನರ್ಸು ಮಾಡುತ್ತಾರೆ. ಫೋನು ಕೂಗಿಕೊಳ್ಳುತ್ತದೆ. ನರ್ಸಿಗೆ ನಾಚಿಕೆ, ಹಿಂದೆ ನಿಂತವರಿಗೆ ನಗು. ಹಿಂದಿನವರೂ ಅದೇ ಸುಳ್ಳು ಹೇಳಲು ತಯಾರಾಗಿ ಬಂದವರೇ. "ಮಾಡ್ದೆ ಅಂತಾರೆ, ಯಾರೂ ಮಾಡಿರಲ್ಲ. ನಾನೇನು ರಿಪೇರಿ ಮಾಡಲ್ಲ, ಸಾಕ್ಷಿಗೆ ನಿಂತ್ಕೋತೀನಿ ಅಷ್ಟೆ" ಎನ್ನುತ್ತಾರೆ ಆಫ್‌ಆನಮ್ಮ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಈ ಒಂದು ಪ್ರಶ್ನೆ ಅದನ್ನು ನುಂಗಿಹಾಕಿ ವರ್ಷಗಳಾದವು.

ಕೈಯಲ್ಲಿ ತೋರಿಸದೆ ಬಾಯಲ್ಲೇ ದಾರಿ ಹೇಳಬೇಕಲ್ಲ, ಅದಕ್ಕೆ ಆಕೆ ಬೇಕರಿಯಿಂದಲೇ ಒಂದು ಭಾಷೆ ಹುಟ್ಟಿಸಿಕೊಂಡಿದ್ದಾರೆ. ಪರದೆಯ ಮೇಲಿನ ಹಲ್ಲುಹಲ್ಲಿನ ಚಕ್ರ ಇವರ ಬಾಯಲ್ಲಿ ಬಿಸ್ಕತ್ತು. ಮೂಲೆಯ ಮೂರು ಚುಕ್ಕಿ ಮೂರು ಎಳ್ಳು. ಮೂರು ಅಡ್ಡಗೆರೆ ಬ್ರೆಡ್ಡಿನ ಸ್ಲೈಸು. ವೈಫೈ ಗುರುತು ಬೀಸಣಿಗೆ. "ಮೇಲಿಂದ ಕೆಳಗೆ ಎಳೀರಿ, ಬಿಸ್ಕತ್ತು ಒತ್ತಿ, ಮೂರು ಎಳ್ಳು ಒತ್ತಿ, ಬಂದಿದ್ದನ್ನ ಜೋರಾಗಿ ಓದಿ" ಎಂದರೆ ಮುಗಿಯಿತು. ಈ ಭಾಷೆ ಈಗ ಏಳು ಖಂಡಗಳಲ್ಲಿ ಚಾಲ್ತಿಯಲ್ಲಿದೆ. ಏಳಲ್ಲದಿದ್ದರೂ ಏಳು ಬೀದಿಗಳಲ್ಲಿ ಇದೆ. ಬಿಲ್ಲಿಂಗ್ ಯಂತ್ರ ಕೆಟ್ಟ ದಿನ ಬೇಕರಿಯ ಮಾಲೀಕರು ಕಂಪನಿಯವರಿಗೆ ಫೋನು ಮಾಡಿ, ನಿಮ್ಮ ಬಿಸ್ಕತ್ತು ಕೆಲಸ ಮಾಡುತ್ತಿಲ್ಲ ಎಂದು ಗದರಿಸಿದ್ದನ್ನು ಓವನ್ ನೋಡಿಕೊಳ್ಳುವ ಮಾಮ ಇಂದಿಗೂ ನಟಿಸಿ ತೋರಿಸುತ್ತಾರೆ.

ಮನೆ ಕಡೆಯ ಗಿರಾಕಿಗಳದು ಇನ್ನೊಂದು ಕತೆ. ನಾದಿನಿಯ ಟ್ಯಾಬು, ಭಾವನ ಟಿವಿ ರಿಮೋಟು, ಓರಗಿತ್ತಿಯ ತಮ್ಮನ ಹೆಂಡತಿಯ ಕಚೇರಿಯಲ್ಲಿ ಕಾಗದ ಕಚ್ಚಿ ಹಿಡಿದ ಪ್ರಿಂಟರು: ಎಲ್ಲದರ ಗೋಳೂ ಇಲ್ಲಿಗೇ ಬರುತ್ತದೆ. ಆ ಗೋಳುಗಳ ಮೂಲಪುರುಷ ಚಿಕ್ಕಪ್ಪ. ಬಸ್ಸು ಓಡಿಸಿ ನಿವೃತ್ತರಾದವರು, ಬೇಗ ಏಳುವ ಚಟ ಬಿಟ್ಟಿಲ್ಲ. ಎದ್ದವರು ಸುಮ್ಮನಿರದೆ ಬಂಧುಬಳಗಕ್ಕೆಲ್ಲ ಸೂರ್ಯೋದಯದ ಚಿತ್ರ ಕಳಿಸುತ್ತಾರೆ. ಸೂರ್ಯ ದಿನಕ್ಕೊಮ್ಮೆ ಹುಟ್ಟಿದರೆ ಚಿಕ್ಕಪ್ಪನ ಫೋನಿನಲ್ಲಿ ನಲವತ್ತು ಸಲ ಹುಟ್ಟುತ್ತಾನೆ, ಪ್ರತಿ ಸಲವೂ ಕೆಳಗೆ 'ಶುಭೋದಯ' ಎಂದು ಬರೆಸಿಕೊಂಡು. ಈ ಸೂರ್ಯರೆಲ್ಲ ಹೇಳದೆ ಕೇಳದೆ ಫೋನುಗಳೊಳಗೆ ಹೋಗಿ ಕೂತು ಜಾಗ ತುಂಬಿಸುತ್ತಾರೆ. ಬಂದ ಚಿತ್ರವನ್ನು ತಾನಾಗಿ ಒಳಗೆ ಇಳಿಸುವ ಒಂದು ಸ್ವಿಚ್ಚಿದೆ. ಬಿಸ್ಕತ್ತು ಒತ್ತಿ, ಎರಡು ಹೆಜ್ಜೆ ಮುಂದೆ ಹೋದರೆ ಸಿಗುತ್ತದೆ. ಬಳಗದ ಪ್ರತಿಯೊಬ್ಬರಿಂದಲೂ ಆಫ್‌ಆನಮ್ಮ ಅದನ್ನು ಆಫ್ ಮಾಡಿಸಿದ್ದಾರೆ.

ಪ್ರತಿಯೊಬ್ಬರೆಂದರೆ, ಒಬ್ಬರನ್ನು ಬಿಟ್ಟು. ಈ ಮೇಜಿನ ಮುಂದೆ ಇಡೀ ಬಳಗದ ಫೋನು ಬಂದಿದೆ, ಅಕ್ಕನ ಫೋನು ಬಂದಿಲ್ಲ.

ಒಡಹುಟ್ಟಿದ ಅಕ್ಕ. ಬೇಕರಿಯಿಂದ ಎರಡೇ ಬೀದಿ ಆಚೆ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹೊಲಿಗೆ ಅಂಗಡಿ. ಹಳೆ ಪತ್ರಿಕೆ ಹಾಸಿ, ಅದರಲ್ಲಿ ತೋಳು, ಕಾಲರು, ಬೆನ್ನು ಕತ್ತರಿಸಿಕೊಂಡು, ಆಮೇಲೆ ಬಟ್ಟೆಗೆ ಕತ್ತರಿ ಹಾಕುವವರು. ಹೊಲಿದ ಪ್ರತಿ ಬಟ್ಟೆಯ ಚಿತ್ರ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಗಿರಾಕಿ ಬಂದರೆ ಚಿತ್ರ ತೋರಿಸುವುದು, ಈ ಕುತ್ತಿಗೆಯೋ ಆ ಕುತ್ತಿಗೆಯೋ ಎಂದು ಕೇಳುವುದು. ಅಂಗಡಿಗೆ ಬೇರೆ ಬೋರ್ಡೇ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ ಆ ಫೋನು ತೆವಳತೊಡಗಿತು. ಆಗ ಆಫ್‌ಆನಮ್ಮ ಎಲ್ಲರ ಫೋನನ್ನೂ ಕೈಗೆ ತೆಗೆದುಕೊಂಡೇ ನೋಡುತ್ತಿದ್ದವರು. ಬೆರಳು ಬಲು ಚುರುಕು. ಕೊಡು ಇಲ್ಲಿ ಎಂದು ಇಸಿದುಕೊಂಡರು. ಪರದೆ ಏನೇನೋ ಕೇಳಿತು. ಸರಿ, ಸರಿ, ಸರಿ ಎಂದು ಒತ್ತುತ್ತ ಹೋದರು. ಫೋನು ಕಪ್ಪಾಗಿ, ಬೆಳಗಿ, ಅಂಗಡಿಯಿಂದ ಆಗಷ್ಟೆ ತಂದದ್ದರಂತೆ ನಮಸ್ಕಾರ ಎಂದಿತು. ಒಂದೂ ಚಿತ್ರ ಇರಲಿಲ್ಲ. ಅಕ್ಕ ಬೈಯಲಿಲ್ಲ. ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಚೆನ್ನಾಗಿ ಫಾಸ್ಟ್ ಆಗಿದೆ" ಎಂದರು. ತಂಗಿಯೊಂದಿಗೆ ಅದೇ ಕೊನೆಯ ಮಾತು. ಆಮೇಲೆ ಬಳಗದವರ ಮನೆಯಲ್ಲಿ ಎದುರಾದರೂ, ನೀರಿನ ಜಗ್ಗು ಆ ಕಡೆ ಕೊಡಲು ಹೇಳಿ ಎಂದು ಮೂರನೆಯವರ ಕೈಲಿ ಹೇಳಿಸುವಷ್ಟು ದೂರ.

ಬೆರಳು ನಿಮ್ಮದು, ಬಾಯಿ ನಂದು ಎಂಬ ನಿಯಮ ಹುಟ್ಟಿದ್ದು ಆವತ್ತು. ಓದದೆ ಒತ್ತುವಂತಿಲ್ಲ ಎನ್ನುವುದೂ ಆವತ್ತಿನದೇ. "ಹಿಟ್ಟಿನ ಕೈ, ಮುಟ್ಟಕ್ಕಾಗಲ್ಲ ಅಂತ ಎಲ್ರಿಗೂ ಹೇಳ್ತೀನಿ. ಕೈ ತೊಳ್ಕೊಳಕ್ಕೆ ಎಷ್ಟೊತ್ತು ಬೇಕು ಹೇಳಿ? ಭಯ, ಅಷ್ಟೆ" ಎಂದು ಆಕೆ ಉಂಡೆ ಉರುಟಿಸುತ್ತಲೇ ಹೇಳುತ್ತಾರೆ. ಯಾವ ಹೊಸ ಫೋನು ಬಾಗಿಲಿಗೆ ಬಂದರೂ ಮೊದಲು ಕಣ್ಣು ಹೋಗುವುದು ಅದನ್ನು ಹಿಡಿದ ಕೈಯ ಕಡೆಗೆ. ಸೂಜಿ ಚುಚ್ಚಿದ ಬೆರಳೇನಾದರೂ ಇದೆಯೋ ಎಂದು.

ಈ ಲೇಖನಕ್ಕೆ ಚಿತ್ರ ತೆಗೆಯಲು ಪತ್ರಿಕೆಯ ಫೋಟೊಗ್ರಾಫರು ಕ್ಯಾಮೆರಾ ಹೊತ್ತು ಬಂದಿರುವ ಈ ಬೆಳಿಗ್ಗೆ, ಅಂಥ ಬೆರಳು ಬಾಗಿಲಲ್ಲಿ ನಿಂತಿದೆ.

ಅಕ್ಕನ ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿದೆ. ಫೋನನ್ನು ಬಟ್ಟೆ ತುಂಡಿನಲ್ಲಿ ಸುತ್ತಿ, ಗಾಯಗೊಂಡ ಹಕ್ಕಿಯನ್ನು ತರುವಂತೆ ಎರಡೂ ಕೈಯಲ್ಲಿ ಹಿಡಿದಿದ್ದಾರೆ. ಸಾಲು ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಬೀಸುತ್ತಿದ್ದ ಗಾಳಿ ನಿಲ್ಲುತ್ತದೆ, ಮಿಕ್ಸರೂ ಉಸಿರು ಹಿಡಿಯುತ್ತದೆ. ಮಿಕ್ಸರನ್ನು ನಿಲ್ಲಿಸಿದ್ದು, ಒಂದು ಮಾತೂ ತಪ್ಪಬಾರದೆಂದು, ಓವನ್ ಮಾಮ.

ಅಕ್ಕ ತಂಗಿಯ ಕಡೆ ನೋಡುವುದಿಲ್ಲ. ಮಾಮನನ್ನು ಕೇಳುತ್ತಾರೆ: "ಇಲ್ಲಿ ಫೋನ್ ನೋಡೋರು ಯಾರೋ ಇದಾರಂತಲ್ಲ?" ಮಾಮ ಲೋಕ ಕಂಡವರು. ಬ್ರೆಡ್ ತೆಗೆಯುವ ಉದ್ದ ಹಿಡಿಯ ಹಲಗೆಯನ್ನು ಮೇಜಿನ ಕಡೆ ಚಾಚಿ, ತಾವು ಓವನ್ನಿನೊಳಗೆ ಇಣುಕುವ ನಟನೆ ಮಾಡುತ್ತಾರೆ.

ವಿಷಯ ಇಷ್ಟು: ಒಂದು ಹೋಟೆಲಿನ ಸಿಬ್ಬಂದಿಗೆಲ್ಲ ಸಮವಸ್ತ್ರ ಹೊಲಿಯುವ ಕೆಲಸ ಒಪ್ಪಿಕೊಂಡಿದ್ದಾರೆ. ಅಳತೆಗಳ ಚಿತ್ರಗಳು ಫೋನಿಗೆ ಬಂದಿವೆ, ತೆರೆಯುತ್ತಿಲ್ಲ. ಮೊಬೈಲ್ ಅಂಗಡಿಗೆ ಒಯ್ದರೆ, ಅಲ್ಲಿಯವನು ಎಲ್ಲ ಒರೆಸಿಹಾಕಿದರೆ ಸರಿಹೋಗುತ್ತದೆ ಎಂದನಂತೆ. ಅವನ ಕೈಯಿಂದ ಕಿತ್ತುಕೊಂಡವರು ರಾತ್ರಿಯೆಲ್ಲ ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡಿದ್ದು, ನೇರ ಇಲ್ಲಿಗೆ ಬಂದಿದ್ದಾರೆ. ಕಳೆದ ನಾಲ್ಕು ವರ್ಷದ ಬಟ್ಟೆಗಳು ಅದರಲ್ಲಿವೆ.

"ಏನ್ ಬರೆದಿದೆ, ಓದಿ" ಎನ್ನುತ್ತಾರೆ ಆಫ್‌ಆನಮ್ಮ, ಹಿಟ್ಟಿಗೆ.

"ಜಾಗವಿಲ್ಲ ಅಂತಿದೆ."

"ಬಿಸ್ಕತ್ತು ಒತ್ತಿ."

ಅಕ್ಕ ಹುಡುಕುತ್ತಾರೆ. ಅದು ಬಿಸ್ಕತ್ತಲ್ಲ, ಬಟ್ಟೆ ಮೇಲೆ ಗುರುತು ಹಾಕುವ ಹಲ್ಲಿನ ಚಕ್ರ ಎಂದು ತಿದ್ದುತ್ತಾರೆ. ಮೂರು ಎಳ್ಳೂ ಅಲ್ಲವಂತೆ, ಅಂಗಿಯ ಮೂರು ಗುಂಡಿಯಂತೆ. ಹೇಳುವವರು ಬೇಕರಿಯ ಭಾಷೆಯಲ್ಲಿ, ಕೇಳುವವರು ಹೊಲಿಗೆಯ ಭಾಷೆಯಲ್ಲಿ. ಆದರೂ ಇಬ್ಬರೂ ಒಂದೇ ಕಡೆ ಹೋಗಿ ತಲುಪುತ್ತಾರೆ. ಅಲ್ಲಿ ಚಿಕ್ಕಪ್ಪ ಕೂತಿದ್ದಾರೆ. ಒಂದರ ಕೆಳಗೊಂದು, ಕೆಂಪು, ಕಿತ್ತಳೆ, ಬಂಗಾರದ ಬಣ್ಣ, ಲೆಕ್ಕವಿಲ್ಲದಷ್ಟು ಸೂರ್ಯರು. ಅಕ್ಕ ಒಂದೊಂದನ್ನೂ ನೋಡಿ, ಯಾವ ಸೂರ್ಯನ ಹಿಂದೆಯೂ ಬಟ್ಟೆ ಅಡಗಿಲ್ಲವೆಂದು ಖಾತ್ರಿ ಮಾಡಿಕೊಂಡು ಗುರುತು ಹಾಕುತ್ತಾರೆ. ಕೊನೆಗೆ ಒಂದು ಗುಂಡಿ ಉಳಿಯುತ್ತದೆ: ಅಳಿಸು. ಫೋನು ಕೇಳುತ್ತದೆ, ಖಚಿತವೇ?

ಕತ್ತರಿ ಹಿಡಿದರೆ ನಡುಗದ ಬೆರಳು ಗಾಜಿನ ಮೇಲೆ ನಿಂತುಬಿಡುತ್ತದೆ.

"ನೀವೇ ಒತ್ತಿ."

"ನಾನು ಮುಟ್ಟಲ್ಲ" ಎನ್ನುತ್ತಾರೆ ಆಫ್‌ಆನಮ್ಮ. ಕೈಗಳನ್ನು ಹಿಟ್ಟಿನೊಳಗೆ ಇನ್ನಷ್ಟು ಹೂಳುತ್ತಾರೆ.

ಅಕ್ಕ ಮೊದಲ ಸಲ ತಲೆ ಎತ್ತಿ ನೋಡುತ್ತಾರೆ. "ಅಂಗಡಿಯವ್ನಿಗೆ ಕೊಡದೆ ಇಲ್ಲಿಗ್ಯಾಕೆ ತಂದೆ ಅಂದ್ಕೊಂಡೆ? ಒಂದ್ಸಲ ಎಲ್ಲ ಅಳಿಸಿ ಕೂತವಳು ನೀನು. ಏನು ಅಳಿಸ್ಬಾರ್ದು ಅಂತ ನಿನಗಿಂತ ಇನ್ಯಾರಿಗೆ ಗೊತ್ತಿರುತ್ತೆ? ಒತ್ತೇ."

ಆಫ್‌ಆನಮ್ಮ ಕೈ ಹೊರತೆಗೆಯುತ್ತಾರೆ. ಏಪ್ರನ್ನಿಗೆ ಒರೆಸಿ, ತೋರುಬೆರಳಿಂದ ಒತ್ತುತ್ತಾರೆ. ಏನೂ ಆಗುವುದಿಲ್ಲ. ಮತ್ತೆ ಒತ್ತುತ್ತಾರೆ. ಹಿಟ್ಟು ಒಣಗಿ ಚಕ್ಕೆಯಾದ ಆ ಬೆರಳನ್ನು ಫೋನು ಬೆರಳೆಂದೇ ಒಪ್ಪುವುದಿಲ್ಲ. ಊರಿನ ಫೋನುಗಳನ್ನೆಲ್ಲ ಪಳಗಿಸಿದವರಿಗೆ ಈ ಗತಿ. ಅಕ್ಕ ಆ ಕೈಯನ್ನು ಎಳೆದುಕೊಂಡು, ಫೋನು ಸುತ್ತಿ ತಂದ ಬಟ್ಟೆಯಿಂದಲೇ ಬೆರಳನ್ನು ತಿಕ್ಕುತ್ತಾರೆ, ಗೆಣ್ಣು ಗೆಣ್ಣಾಗಿ. ಉಗುರ ಸಂದಿಯ ಹಿಟ್ಟನ್ನು ಸೂಜಿಯಂಥ ತಮ್ಮ ಉಗುರಿಂದ ಕೆದಕಿ ತೆಗೆಯುತ್ತಾರೆ. ಶುಚಿ ಇಲ್ಲ ಏನಿಲ್ಲ, ಚಿಕ್ಕಂದಿನಿಂದ ಹೀಗೇ ಎಂದು ಗೊಣಗುತ್ತಾರೆ. ಆಮೇಲೆ ಫೋನನ್ನು ತಂಗಿಯ ಎರಡೂ ಕೈಗೆ ಇಟ್ಟುಬಿಡುತ್ತಾರೆ.

ಆಫ್‌ಆನಮ್ಮ ಪರದೆಯ ಮೇಲಿದ್ದದ್ದನ್ನು ಪೂರ್ತಿ, ಜೋರಾಗಿ, ಎರಡು ಸಲ ಓದುತ್ತಾರೆ. ಒತ್ತುತ್ತಾರೆ.

ಸೂರ್ಯರೆಲ್ಲ ಒಟ್ಟಿಗೆ ಮುಳುಗುತ್ತಾರೆ. ಅಕ್ಕ ಫೋನು ಕಿತ್ತುಕೊಂಡು ಬಟ್ಟೆಗಳನ್ನು ತೆರೆದು ಬುಡದಿಂದ ತುದಿವರೆಗೆ ಉರುಳಿಸುತ್ತಾರೆ. ಎಲ್ಲ ಕುತ್ತಿಗೆಗಳೂ ಇವೆ, ಎಲ್ಲ ತೋಳುಗಳೂ ಇವೆ. ಹೋಟೆಲಿನ ಅಳತೆಗಳೂ ತೆರೆದುಕೊಳ್ಳುತ್ತವೆ. "ಹೂಂ" ಎನ್ನುತ್ತಾರೆ. ಬಾಗಿಲ ಬಳಿ ಹೋದವರು ತಿರುಗಿ, "ನಿನ್ ಹಿಟ್ಟು ನೋಡ್ಕೋ ಹೋಗು, ಕೆಳಗೆ ಬೀಳ್ತಾ ಇದೆ" ಎಂದು ಹೇಳಿ ಹೊರಡುತ್ತಾರೆ. ಬೀಳುತ್ತಲೇ ಇದೆ. ಆ ದಿನದ ಬ್ರೆಡ್ಡು ಕೊಂಡವರು, ಇದೇನು ಬ್ರೆಡ್ಡೋ ತೂತುಗಳ ಮೂಟೆಯೋ ಎಂದು ಕೇಳಿದ್ದು ಇದೇ ಕಾರಣಕ್ಕೆ.

ಇನ್ನು ಈ ಪುಟದ ಚಿತ್ರ. ಫೋಟೊಗ್ರಾಫರು ಕ್ಲಿಕ್ ಮಾಡಿದ್ದು ಸರಿಯಾಗಿ ಫೋನು ತಂಗಿಯ ಕೈಗೆ ಬಂದ ಗಳಿಗೆಯಲ್ಲಿ. ಆಫ್‌ಆನಮ್ಮನ ಎರಡೂ ಕೈಯಲ್ಲಿ ಫೋನು ಎದ್ದು ಕಾಣುತ್ತಿದೆ, ಅದರ ಗಾಜಿನ ಮೇಲೆ ಹಿಟ್ಟಿನ ಬೆರಳಚ್ಚೂ ಇದೆ. ಒಂದನ್ನೂ ಮುಟ್ಟಿಲ್ಲ ಎಂದು ಮೇಲೆ ಬರೆದ ಸಾಲು ಅಲ್ಲಿಗೆ ಗೋತಾ. ಲೇಖನವನ್ನು ಅಚ್ಚಿಗೆ ಮೊದಲು ಓವನ್ ಮಾಮ ಬೇಕರಿಯಲ್ಲಿ ಓದಿ ಹೇಳಿದಾಗ, ಆಫ್‌ಆನಮ್ಮ ಮೊದಲ ಸಾಲಿಗೇ ತಡೆದರು. "ಕೋಟಿನಾ? ಬರೆದೋರನ್ನ ಒಂದ್ಸಲ ಆಫ್ ಮಾಡಿ ಆನ್ ಮಾಡ್ಬೇಕು."

ಸಿಕ್ಕಿಬಿದ್ದ ಮೇಲೆ ನಿಜ ಹೇಳುವುದೇ ವಾಸಿ. ದಿನಕ್ಕೆ ಬರುವುದು ಐದಾರು ಫೋನು. ಅದರಲ್ಲಿ ಎರಡು ಸರಿಹೋಗುವುದಿಲ್ಲ. ಅಂಗಡಿಗೆ ಒಯ್ಯಿರಿ ಎಂದು ಆಕೆ ಕಳಿಸಿಬಿಡುತ್ತಾರೆ. ಕೆಮ್ಮಿಗೆ ಎದ್ದ ಕಂಪ್ಯೂಟರಿನ ಪ್ಲಗ್ ಹಾಕಿರಲಿಲ್ಲ. ಏಳು ಬೀದಿಯೂ ಅಲ್ಲ, ಮೂರು.

ಉಳಿದದ್ದು ಒಂದು ಮಾತು: ಇಲ್ಲಿಂದ ಹೋದ ಫೋನು ಅದೇ ದೂರು ಹೊತ್ತು ಮತ್ತೆ ಬರುವುದಿಲ್ಲ ಎಂದದ್ದು. ಅದೂ ಸುಳ್ಳಾಗಲಿದೆ. ಅಕ್ಕನ ಫೋನಿನಲ್ಲಿ ಚಿಕ್ಕಪ್ಪನ ಸೂರ್ಯರನ್ನು ಒಳಗೆ ಬಿಡುವ ಆ ಸ್ವಿಚ್ಚನ್ನು ಆಫ್‌ಆನಮ್ಮ ಆಫ್ ಮಾಡಲೂ ಇಲ್ಲ, ಮಾಡಲು ಹೇಳಲೂ ಇಲ್ಲ. ಬಳಗಕ್ಕೆಲ್ಲ ಹೇಳಿಕೊಟ್ಟದ್ದನ್ನು ಮರೆತಿರಾ ಎಂದರೆ, ತಟ್ಟೆಗೆ ಉಂಡೆ ಜೋಡಿಸುತ್ತ ನಗುತ್ತಾರೆ.

"ಅದನ್ನೂ ಹೇಳ್ಕೊಟ್ರೆ ಅವಳು ಮತ್ತೆ ಯಾಕೆ ಬರ್ತಾಳೆ?"

ಇದನ್ನು ಬರೆದರೆ ಅಕ್ಕನಿಗೆ ತಿಳಿದುಹೋಗುವುದಿಲ್ಲವೇ ಎಂದು ಮಾಮನಿಗೆ ಚಿಂತೆ. ಆಫ್‌ಆನಮ್ಮನಿಗೆ ಆ ಚಿಂತೆ ಇಲ್ಲ. "ಬರೀಲಿ ಬಿಡಿ. ಅಕ್ಕ ಪೇಪರ್ ಎಲ್ಲಿ ಓದ್ತಾಳೆ? ಇದು ಅವಳ ಕೈಗೆ ಸಿಗೋ ಹೊತ್ತಿಗೆ ಯಾರದೋ ತೋಳಾಗಿರುತ್ತೆ."