ಎರಡು ಒಲೆಯ ಮನೆಗೆ ಒಂದು ಮೇನ್ ಬೋರ್ಡ್

ಬೆಳಗಿನ ಆರು ಗಂಟೆ. ಫಾಲ್ ರಿವರ್ ಊರಿನ ಒಂದು ಮನೆಯ ನೆಲಮಾಳಿಗೆಗೆ ದೆಯೊಲಿಂಡಾ ಫುರ್ತಾದೊ ಅಡ್ಡಡ್ಡವಾಗಿ ಇಳಿಯುತ್ತಿದ್ದಾರೆ. ಮಂಡಿನೋವಿರುವವರು ಮೆಟ್ಟಿಲಿಳಿಯುವುದೇ ಹಾಗೆ. ಹಣೆಗೆ ಟಾರ್ಚು, ಕಂಕುಳಲ್ಲಿ ಫೈಲು. ಕೆಳಗೆ ಒಲೆಯ ಮೇಲೆ ಸೊಪ್ಪಿನ ಸಾರು ಕುದಿಯುತ್ತಿದೆ. ಪಕ್ಕದ ಗೋಡೆಯಲ್ಲಿರುವ ಕರೆಂಟಿನ ಮೇನ್ ಬೋರ್ಡಿಗೆ ಬಿಳಿ ಲೇಸಿನ ಪರದೆ ಹೊದಿಸಿದೆ.

"ಇದನ್ನ ತೆಗೀಬೇಕು, ದೋನ ಇದಾಲಿನಾ. ಬೋರ್ಡಿನ ಫೋಟೊ ಬೇಕು," ಎನ್ನುತ್ತಾರೆ ದೆಯೊಲಿಂಡಾ. 'ದೋನ' ಎಂದರೆ ಅವರ ಭಾಷೆಯಲ್ಲಿ 'ಅಮ್ಮಾವ್ರೇ'.

"ನಿನ್ನೆ ತಾನೆ ಒಗೆದು ಇಸ್ತ್ರಿ ಮಾಡಿ ಹಾಕಿದೀನಿ ಮಗಳೇ. ಆಫೀಸಿನವರು ನೋಡ್ತಾರೆ ಅಂತ ಬೆತ್ತಲೆ ನಿಲ್ಲಿಸೋದಾ?"

"ಅವರಿಗೆ ಬೆತ್ತಲೆಯೇ ಬೇಕು."

"ಎಂಥಾ ಜನ!" ಎನ್ನುತ್ತಾ ಮನೆಯೊಡತಿ ಇದಾಲಿನಾ ಮೆದೇರುಷ್ ಮುಖ ಆಚೆ ತಿರುಗಿಸಿಕೊಂಡು ಪರದೆ ಎತ್ತುತ್ತಾರೆ.

ಹಳೆಯ ಫ್ಯೂಸಿನ ಬೋರ್ಡು ತೆಗೆಸಿ ಹೊಸದು ಹಾಕಿಸುವವರಿಗೆ ವಿದ್ಯುತ್ ಕಂಪನಿ ಖರ್ಚಿನ ಬಹುಪಾಲನ್ನು ವಾಪಸ್ ಕೊಡುತ್ತದೆ. ಕೊಡುವ ಮನಸ್ಸೇನೋ ಇದೆ, ಆದರೆ ಆ ಮನಸ್ಸಿನ ಮುಂದೆ ಹದಿನಾಲ್ಕು ಪುಟದ ಫಾರಂ ಇದೆ. ಅದನ್ನು ತುಂಬಿಸಿಕೊಡುವುದು ದೆಯೊಲಿಂಡಾ ಅವರ ಕೆಲಸ. ಬಡಾವಣೆಯ ನೆರವು ಕೇಂದ್ರ ಅವರಿಗೆ ಸಂಬಳ ಕೊಡುವುದು ವಾರಕ್ಕೆ ಮೂರು ದಿನಕ್ಕೆ. ಜನ ಬಾಗಿಲು ತಟ್ಟುವುದು ಏಳು ದಿನ. ದಿನಕ್ಕೆ ನಾಲ್ಕು ನೆಲಮಾಳಿಗೆಯಂತೆ, ಒಂಬತ್ತು ವರ್ಷದಲ್ಲಿ ಎಷ್ಟು ಬೋರ್ಡು ನೋಡಿದ್ದಾರೋ ಅವರಿಗೇ ಲೆಕ್ಕ ತಪ್ಪಿದೆ. ಫೋಟೊ ತೆಗೆಯುತ್ತಾರೆಂದು ಬೋರ್ಡಿಗೆ ಗೋಡೆಯ ಬಣ್ಣವನ್ನೇ ಬಳಿದು, ಆಂಪಿಯರ್ ಬರೆದಿದ್ದ ಚೀಟಿಯನ್ನೂ ಮುಚ್ಚಿಟ್ಟವರಿದ್ದಾರೆ. ಒಬ್ಬ ಅಜ್ಜ ಮದುವೆಯ ಕೋಟು ತೊಟ್ಟು, ಬೋರ್ಡಿಗೆ ಅಡ್ಡ ನಿಂತು ಫೋಟೊ ತೆಗೆಸಿಕೊಂಡಿದ್ದ. "ಫೋಟೊ ಚೆನ್ನಾಗೇ ಬಂದಿತ್ತು. ಬೋರ್ಡು ಮಾತ್ರ ಕಾಣ್ತಿರಲಿಲ್ಲ," ಎನ್ನುತ್ತಾರೆ ದೆಯೊಲಿಂಡಾ.

ಅರವತ್ತೊಂದು ವರ್ಷದ ಅವರು ಕಡಲಾಚೆಯ ಸಾವೊ ಮಿಗೆಲ್ ದ್ವೀಪದಿಂದ ಇಲ್ಲಿಗೆ ಬಂದಾಗ ಒಂಬತ್ತು ವರ್ಷದ ಹುಡುಗಿ. ಆಮೇಲೆ ಇಪ್ಪತ್ತೆರಡು ವರ್ಷ ಗಿರಣಿಯಲ್ಲಿ ಕಿಟಕಿ ಪರದೆ ಹೊಲಿದರು. ಗಿರಣಿ ಮುಚ್ಚಿತು, ಮಂಡಿನೋವು ಉಳಿಯಿತು. ಫಾರಂ ಓದುವ ವಿದ್ಯೆಯನ್ನು ಅವರು ಯಾವ ಶಾಲೆಯಲ್ಲೂ ಕಲಿಯಲಿಲ್ಲ. "ಅಮ್ಮನಿಗೆ ಇಂಗ್ಲಿಷ್ ಬರ್ತಿರಲಿಲ್ಲ. ಬಂದ ಕಾಗದ ಎಲ್ಲಾ ನಾನೇ ಓದಿ ಹೇಳ್ತಿದ್ದೆ. 'ಇಲ್ಲ' ಅನ್ನೋದನ್ನ ಎಷ್ಟು ಮರ್ಯಾದೆಯಾಗಿ ಬಚ್ಚಿಟ್ಟಿರ್ತಾರೆ ಅನ್ನೋದು ಆಗಲೇ ಗೊತ್ತಾಯ್ತು."

ಇದಾಲಿನಾ ಅವರಿಗೂ ಅಂಥದೇ ಒಂದು ಕಾಗದ ಬಂದಿದೆ. ತಿಂಗಳೊಳಗೆ ಬೋರ್ಡು ಬದಲಾಗದಿದ್ದರೆ ಮನೆಯ ವಿಮೆ ರದ್ದಾಗುತ್ತದೆ. ಕಂಪನಿಯ ಹಣವಿಲ್ಲದೆ ಎಪ್ಪತ್ನಾಲ್ಕರ ಈ ವಿಧವೆಗೆ ಬೋರ್ಡು ಬದಲಿಸುವ ಶಕ್ತಿಯಿಲ್ಲ. ಆದರೆ ಅರ್ಜಿ ತಿರಸ್ಕೃತವಾಗಿದೆ. ಕಾರಣ: ಮನೆಯಲ್ಲಿ ಎರಡು ಒಲೆ. ಎರಡು ಒಲೆಯಿದ್ದರೆ ಎರಡು ಸಂಸಾರ, ಎರಡು ಸಂಸಾರಕ್ಕೆ ಬೇರೆಯದೇ ಯೋಜನೆ, ಆ ಯೋಜನೆಯ ಹಣ ಮುಗಿದುಹೋಗಿದೆ.

ದ್ವೀಪದಿಂದ ಬಂದ ನಮ್ಮ ಜನರ ಬೀದಿಗಳಲ್ಲಿ ಎರಡು ಅಡುಗೆಮನೆ ಯಾರಿಗಿಲ್ಲ? ಕೆಳಗಿನದು ಅಡುಗೆಗೆ, ಮೇಲಿನದು ಮರ್ಯಾದೆಗೆ. ಇದಾಲಿನಾ ಮೇಲಿನ ಒಲೆಯನ್ನು ಇಪ್ಪತ್ತೊಂಬತ್ತು ವರ್ಷದಿಂದ ದಿನವೂ ಒರೆಸುತ್ತಾರೆ, ಒಮ್ಮೆಯೂ ಹಚ್ಚಿಲ್ಲ.

"ಮೇಲಿನದನ್ನ ತೆಗೆಸಿಬಿಟ್ಟರೆ ಇವತ್ತೇ ಸಹಿ ಹಾಕ್ತಾರೆ," ಎಂದು ದೆಯೊಲಿಂಡಾ ಮತ್ತೊಮ್ಮೆ ಹೇಳಿ ನೋಡುತ್ತಾರೆ.

"ಗಿರಣೀಲಿ ದುಡಿದು ನನ್ನ ದುಡ್ಡಲ್ಲಿ ತಂದದ್ದು. ದಿನಾ ಹತ್ತು ನಿಮಿಷ ಅಲ್ಲಿ ಸುಮ್ಮನೆ ಕೂತ್ಕೋತೀನಿ. ಕೆಳಗೆ ನಾನು ಅಡುಗೆಯವಳು ಮಗಳೇ. ಮೇಲೆ ಯಜಮಾನಿ."

ದೆಯೊಲಿಂಡಾ ಆ ಮಾತನ್ನು ಮತ್ತೆಂದೂ ಎತ್ತುವುದಿಲ್ಲ. ಮೇಲಿನ ಅಡುಗೆಮನೆಗೆ ಹೋಗಿ, ಅರ್ಜಿಯನ್ನು ಮತ್ತೆ ಪರಿಶೀಲಿಸಿ ಎಂಬ ಮನವಿಯ ಕಾಗದ ತೆಗೆದು ಬರೆಯಲು ಕೂರುತ್ತಾರೆ.

ಒಂಬತ್ತಕ್ಕೆ ಮನೆಯನ್ನು ಮತ್ತೊಮ್ಮೆ ನೋಡಲು ಕಂಪನಿಯ ಪರಿಶೀಲಕ ಹ್ಯಾಲರನ್ ಬರುತ್ತಾರೆ. ಸಭ್ಯ ಮನುಷ್ಯ, ಬಾಗಿಲಲ್ಲೇ ಬೂಟು ಬಿಚ್ಚುತ್ತಾರೆ. ಕೆಳಗಿನ ವಿದ್ಯುತ್ ಒಲೆಯ ಓವನ್ನಿನಲ್ಲಿ ಹಬ್ಬದ ಸಿಹಿ ಬ್ರೆಡ್ಡು ಬೇಯುತ್ತಿದೆ, ಮೂಲೆಯಲ್ಲಿ ಬಟ್ಟೆ ಒಣಗಿಸುವ ಯಂತ್ರ ತಿರುಗುತ್ತಿದೆ. ಮೇಲೆ ಬಂದರೆ ಕನ್ನಡಿಯಂತೆ ಹೊಳೆಯುವ ಇನ್ನೊಂದು ವಿದ್ಯುತ್ ಒಲೆ, ಅದಕ್ಕೂ ಒಂದು ಓವನ್.

"ಇಲ್ಲಿ ಯಾರು ಅಡುಗೆ ಮಾಡ್ತಾರೆ?"

"ಯಾರೂ ಮಾಡಲ್ಲ."

"ಹಾಗಾದರೆ ಕೆಟ್ಟಿದೆಯಾ?"

ಅದೊಂದು ಮಾತು ಕೇಳಬಾರದಿತ್ತು. "ಕೆಟ್ಟಿದೆಯಾ? ನನ್ನ ಒಲೆ?" ಇದಾಲಿನಾ ಗುಂಡಿಯನ್ನು ಕೊನೆಯವರೆಗೂ ತಿರುಗಿಸುತ್ತಾರೆ. "ನೋಡ್ಕೋ ಮಗನೇ!"

ಎರಡು ನಿಮಿಷ ಓವನ್ ಗುಂಯ್ ಎನ್ನುತ್ತದೆ. ಮೂರನೆಯ ನಿಮಿಷಕ್ಕೆ ಒಳಗಿನಿಂದ ಹೊಗೆ. ಕೊಂಡಾಗ ಒಳಗಿಟ್ಟ ಕೈಪಿಡಿ ಇಪ್ಪತ್ತೊಂಬತ್ತು ವರ್ಷದಿಂದ ಅಲ್ಲೇ ಇತ್ತು. ಇದಾಲಿನಾ ಕಿರುಚುತ್ತಾರೆ, ಹ್ಯಾಲರನ್ ಕಿಟಕಿಗೆ ಓಡುತ್ತಾರೆ. ಅಷ್ಟರಲ್ಲಿ ನೆಲಮಾಳಿಗೆಯಿಂದ ಠಪ್ ಎಂದು ಒಂದು ಸದ್ದು. ದೀಪ ಹೋಯಿತು, ಫ್ರಿಜ್ ನಿಂತಿತು, ಬಟ್ಟೆಯ ಯಂತ್ರ ನಿಟ್ಟುಸಿರಿಟ್ಟು ಸುಮ್ಮನಾಯಿತು.

"ನನ್ನ ಬ್ರೆಡ್ಡು!" ಎಂದು ಇದಾಲಿನಾ ಕೆಳಗೆ ಧಾವಿಸುತ್ತಾರೆ.

ಹೊಗೆಯ ನಡುವೆ ದೆಯೊಲಿಂಡಾ ಮಾತ್ರ ಕುರ್ಚಿಯಿಂದ ಏಳುವುದಿಲ್ಲ. ಹಣೆಯ ಟಾರ್ಚು ಹಚ್ಚಿ, ಅರ್ಜಿಯ ಆರನೇ ಪುಟ ತೆರೆದು ಹ್ಯಾಲರನ್ ಮುಂದಿಡುತ್ತಾರೆ.

"ಮೇಲೆ ಹಚ್ಚಿದರೆ ಕೆಳಗೂ ಕತ್ತಲೆ. ಎರಡು ಸಂಸಾರ ಅಂದ್ರೆ ಎರಡು ಮೀಟರ್ ಇರಬೇಕಿತ್ತಲ್ಲ ಸಾರ್? ಇಲ್ಲಿರೋದು ಒಂದೇ ಮೀಟರು, ಒಂದೇ ಮೇನ್ ಫ್ಯೂಸು, ಒಬ್ಬಳೇ ಹೆಂಗಸು. ಇನ್ನು ಬೋರ್ಡು ಬದಲಿಸಬೇಕೋ ಬೇಡವೋ, ಅದನ್ನ ನೀವೇ ಕಣ್ಣಾರೆ ನೋಡಿದ್ರಿ."

ಹ್ಯಾಲರನ್ ಕೆಮ್ಮುತ್ತಲೇ ನಗುತ್ತಾರೆ. 'ಸಂಸಾರಗಳ ಸಂಖ್ಯೆ: ಎರಡು' ಎಂದಿರುವಲ್ಲಿ ಗೀಟು ಹೊಡೆದು 'ಒಂದು' ಎಂದು ಬರೆದು ಸಹಿ ಹಾಕುತ್ತಾರೆ. ಚಪ್ಪಟೆಯಾದ ಬ್ರೆಡ್ಡಿನ ಒಂದು ತುಂಡು ಅವರ ಜೇಬಿಗೂ ಹೋಗುತ್ತದೆ. ಬೇಡವೆಂದರೆ ಇದಾಲಿನಾ ಬಿಡುವವರಲ್ಲ.

ಈ ಊರಿನಲ್ಲಿ ಒಲೆ ಎಣಿಸಿ ತಿರಸ್ಕರಿಸಿದ ಅರ್ಜಿಗಳು ಇನ್ನೂ ಮೂವತ್ತೊಂದಿವೆ. ಪ್ರತಿ ಮನೆಯಲ್ಲೂ ಹೊಗೆ ಎಬ್ಬಿಸುತ್ತಾ ಕೂರಲಾಗುವುದಿಲ್ಲವೆಂದು ದೆಯೊಲಿಂಡಾ ಫಾರಂನ ಆ ಪ್ರಶ್ನೆಯನ್ನೇ ಬದಲಿಸಿ ಎಂದು ಕಂಪನಿಗೆ ಕಾಗದ ಬರೆದರು. ಸಲಹೆ ಕೊಡಲು ಬೇರೆಯದೇ ಫಾರಂ ಇದೆ ಎಂಬ ಉತ್ತರ ಬಂತು. ಅದನ್ನೂ ತುಂಬಿ ಕಳಿಸಿದ್ದಾರೆ.

ಏನು ಬರೆದಿರಿ ಎಂದರೆ ನಾಚಿಕೊಳ್ಳುತ್ತಾರೆ. "ದೊಡ್ಡದೇನಿಲ್ಲ. ಮನೇಲಿ ಎಷ್ಟು ಒಲೆ ಇದೆ ಅಂತ ಕೇಳಬೇಡಿ. ಎಷ್ಟು ಜನ ಒಟ್ಟಿಗೆ ಉಣ್ತಾರೆ ಅಂತ ಕೇಳಿ. ಅಷ್ಟೇ."